50 ವ್ಯಾಟ್ ಆಂಪ್ಲಿಫೈಯರ್ ಬೋರ್ಡು 15 ವ್ಯಾಟಿನದಕ್ಕಿಂತ ಮೆಲ್ಲಗೆ ಕೇಳಿಸುವುದೇಕೆ?

ಟಿಡಿಎ7297, ಟಿಪಿಎ3116 ಎರಡೂ ಸ್ಪೀಕರ್ ನಡೆಸುವ ಎರಡು ಚಾನೆಲ್ಲಿನ ಆಂಪ್ಲಿಫೈಯರ್ ಚಿಪ್‌ಗಳು. ಟಿಡಿಎ7297 ಬೋರ್ಡಿನ ಮೇಲೆ 15+15 ವ್ಯಾಟ್ ಅಂತಿರುತ್ತದೆ, ಟಿಪಿಎ3116 ಮೇಲೆ 50+50. ನನ್ನ ಆಯ್ಕೆ 3116. ಆದರೆ 19 ವೋಲ್ಟಿನ ಹಳೆಯ ಲ್ಯಾಪ್‌ಟಾಪ್ ಅಡಾಪ್ಟರ್ ಜೊತೆಗಿದ್ದರೆ ಮಾತ್ರ.

ಎರಡನ್ನೂ ಅದೇ 12 ವೋಲ್ಟ್ ಅಡಾಪ್ಟರಿಗೆ, ಅದೇ 8 ಓಮ್ ಸ್ಪೀಕರಿಗೆ ಹಾಕಿದರೆ 7297 ಕೊಡುವುದು ಚಾನೆಲ್ಲಿಗೆ ಸುಮಾರು 6 ವ್ಯಾಟ್, 3116 ಕೊಡುವುದು ಹೆಚ್ಚೆಂದರೆ 9. ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಓಮಿನ ಎರಡರಷ್ಟರಿಂದ ಭಾಗಿಸಿದರೆ ಆ 9 ಬರುತ್ತದೆ. ಸದ್ದಿನ ಅಳತೆಯಾದ ಡೆಸಿಬಲ್ಲಿನಲ್ಲಿ ಇವೆರಡರ ಅಂತರ 2 ಕೂಡ ಇಲ್ಲ. ಕಿವಿಗೆ ಗೊತ್ತಾಗುವುದೇ ಕಷ್ಟ. 19 ವೋಲ್ಟ್ ಕೊಟ್ಟರೆ 3116 ಸುಮಾರು 20 ವ್ಯಾಟಿಗೆ ಏರುತ್ತದೆ, 7297ಕ್ಕಿಂತ 5 ಡೆಸಿಬಲ್ ಹೆಚ್ಚು ಸಿಗುತ್ತದೆ. ಸದ್ದು ಎರಡರಷ್ಟು ಅನ್ನಿಸಬೇಕಾದರೆ 10 ಡೆಸಿಬಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು.

ತಲೆ ತಿನ್ನುವುದು ಗೇನ್, ಅಂದರೆ ಒಳಬಂದ ವೋಲ್ಟೇಜನ್ನು ಬೋರ್ಡು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು. 19 ವೋಲ್ಟಿನಲ್ಲೂ 3116 ಮೆತ್ತಗೇ ಹಾಡಿದರೆ ಬೋರ್ಡು ಹಾಳಾಗಿದೆ ಅಂದುಕೊಳ್ಳಬೇಡಿ. ಮೊಬೈಲಿನ ಜಾಕ್‌ನಿಂದ ಬರುವುದು ಸುಮಾರು ಅರ್ಧ ವೋಲ್ಟ್. 7297ರ ಗೇನ್ 32 ಡೆಸಿಬಲ್, ಅಂದರೆ 40 ಪಟ್ಟು. ನಾಬ್ ಅರ್ಧ ತಿರುಗಿಸುವುದರೊಳಗೇ ಅದರ ಶಕ್ತಿಯೆಲ್ಲ ಹೊರಬಂದು ಸದ್ದು ಒಡೆಯತೊಡಗುತ್ತದೆ. 3116 ಬೋರ್ಡನ್ನು 20 ಡೆಸಿಬಲ್ಲಿಗೆ ಕಟ್ಟಿದ್ದರೆ 10 ಪಟ್ಟು ಮಾತ್ರ: ಅರ್ಧ ವೋಲ್ಟ್ 5 ಆಗುತ್ತದೆ, 8 ಓಮಿಗೆ 3 ವ್ಯಾಟ್. ನಾಬ್ ಪೂರ್ತಿ ತಿರುಗಿಸಿದರೂ ಅಷ್ಟೇ.

3116 ಚಿಪ್ಪಿನ ಗೇನ್ ಪಿನ್ನಿನಿಂದ ಗ್ರೌಂಡಿಗೆ 5.6 ಕಿಲೋಓಮ್ ರೆಸಿಸ್ಟರ್ ಒಂದೇ ಇದ್ದರೆ ಅದು 20 ಡೆಸಿಬಲ್. ಅದನ್ನು ಕಿತ್ತು 20 ಕಿಲೋಓಮ್ ಹಾಕಿ, ಅದೇ ಪಿನ್ನಿನಿಂದ ಜಿವಿಡಿಡಿ (ಚಿಪ್ ತಾನೇ ಒಳಗೆ ತಯಾರಿಸುವ ವೋಲ್ಟೇಜಿನ) ಪಿನ್ನಿಗೆ 100 ಕಿಲೋಓಮ್ ಬೆಸುಗೆ ಹಾಕಿದರೆ 26 ಆಗುತ್ತದೆ. ಅದೇ ಮೊಬೈಲಿನಿಂದ 12 ವ್ಯಾಟ್ ಬರುತ್ತದೆ. ಕರೆಂಟ್ ತೆಗೆದು ಮತ್ತೆ ಕೊಡುವವರೆಗೆ ಚಿಪ್ ಹೊಸ ಗೇನನ್ನು ಹಿಡಿಯುವುದಿಲ್ಲ. 32ಕ್ಕೂ ಏರಿಸಬಹುದು, ಆದರೆ ಹಾಡು ನಿಂತಾಗ ಸ್ಪೀಕರಿನ ಹತ್ತಿರ ಕಿವಿಯಿಟ್ಟರೆ 'ಸ್ಸ್' ಸದ್ದು ಹೆಚ್ಚಿರುತ್ತದೆ. 26ರಲ್ಲೇ ನಿಲ್ಲಿಸಿದ್ದೇನೆ.

24 ವೋಲ್ಟಿನ ಆಸೆ ಬೇಡ. ಚಿಪ್ 26 ವೋಲ್ಟಿನವರೆಗೆ ತಾಳುತ್ತದೆ, ಆದರೆ ಅಗ್ಗದ ಬೋರ್ಡಿನ 25 ವೋಲ್ಟ್ ಕೆಪಾಸಿಟರ್‌ಗೆ ಉಸಿರಾಡಲು ಜಾಗವೇ ಇರುವುದಿಲ್ಲ.

ಬಿಸಿ: 7297ಕ್ಕೆ ದೊಡ್ಡ ಹೀಟ್‌ಸಿಂಕ್ ಬೇಕೇ ಬೇಕು.

ಸ್ಪೀಕರ್ ಬದಲಿಸುವವರಿದ್ದರೆ 86 ಡೆಸಿಬಲ್ ಸೆನ್ಸಿಟಿವಿಟಿಯದರ (ಅಷ್ಟೇ ವ್ಯಾಟಿಗೆ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಎಂಬ ಅಳತೆ) ಬದಲು 89ರದ್ದು ತನ್ನಿ, ಆಂಪ್ಲಿಫೈಯರ್ ವ್ಯಾಟ್ ಎರಡರಷ್ಟು ಮಾಡಿದಂತೆಯೇ ಅದು. ಮನೆಯಲ್ಲಿರುವುದು 12 ವೋಲ್ಟ್ ಅಡಾಪ್ಟರ್ ಒಂದೇ, ಕೇಳುವುದು ಅಡುಗೆಮನೆಯಲ್ಲಿ ರೇಡಿಯೊ ಅಂತಾದರೆ 7297 ಸಾಕು.