ಬೆರಳಿಗೆ ದಾರಿ ತೋರುವ ಗಿಟಾರ್ ಕಾರ್ಡ್ ಆ್ಯಪ್

ಮೊಬೈಲಿನಲ್ಲಿ ನಾನು ನಿತ್ಯ ಬಳಸುವ ಈ ಗಿಟಾರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನಿಘಂಟಿನ ದೊಡ್ಡ ಗುಣವೆಂದರೆ, ಒಂದೇ ಕಾರ್ಡನ್ನು ಎಲ್ಲೆಲ್ಲಿ, ಹೇಗೆಲ್ಲ ಹಿಡಿಯಬಹುದೆಂದು ಅದು ಒಟ್ಟಿಗೆ ತೋರಿಸುವುದು. ಎಫ್ ಮೇಜರ್ ಹುಡುಕಿದರೆ, ತೋರುಬೆರಳು ಮೊದಲ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳು ವಿಂಗಡಿಸುವ ಮನೆಯಲ್ಲಿ) ಆರೂ ತಂತಿಗಳನ್ನು ಅಡ್ಡಲಾಗಿ ಒತ್ತಬೇಕಾದ ಬಾರ್ ಹಿಡಿತದ ಜೊತೆಗೆ, ತೆಳುವಾದ ನಾಲ್ಕು ತಂತಿಗಳಷ್ಟೇ ಸಾಕಾಗುವ ಸುಲಭ ರೂಪವೂ ಸಿಗುತ್ತದೆ. ಹೊಸಬರಲ್ಲಿ ಅನೇಕರು ಸೋತು ಕೂರುವುದು ಈ ಕಾರ್ಡಿನ ಬಳಿಯೇ ಆದ್ದರಿಂದ ಇದು ಸಣ್ಣ ಉಪಕಾರವಲ್ಲ. ಯಾವ ಬೆರಳು ಎಲ್ಲಿರಬೇಕೆಂಬುದನ್ನು 1ರಿಂದ 4ರವರೆಗಿನ ಅಂಕೆಗಳು ಹೇಳುತ್ತವೆ, ಬಾರಿಸಬಾರದ ತಂತಿಯ ಮೇಲೆ ಗುಣಾಕಾರದ ಗುರುತಿರುತ್ತದೆ. ಚಿತ್ರವನ್ನು ಮುಟ್ಟಿದಾಗ ಕೇಳುವ ನಾದ ತೀರ ಕೃತಕವಾಗಿದ್ದು, ಸ್ವರ ಹೋಲಿಸಿಕೊಳ್ಳಲು ಸಾಲುತ್ತದೆಯೇ ಹೊರತು ಕಿವಿಗೆ ಹಿತವೆನಿಸದು. ಕ್ಯಾಪೊ (ಶ್ರುತಿ ಏರಿಸಲು ತಂತಿಗಳ ಮೇಲೆ ಅಡ್ಡಲಾಗಿ ಬಿಗಿಯುವ ಕ್ಲಿಪ್ಪು) ಹಾಕಿದಾಗ ಕಾರ್ಡಿನ ಹೆಸರು ಬದಲಾಗುವ ಲೆಕ್ಕವನ್ನೂ ಇದು ಮಾಡಿಕೊಡುವುದಿಲ್ಲ. ಹಾಡುಗಾರರ ಶ್ರುತಿಗೆ ತಕ್ಕಂತೆ ನುಡಿಸುವವರು ಅದಕ್ಕಾಗಿ ಬೇರೆ ಆ್ಯಪ್ ಇಟ್ಟುಕೊಳ್ಳುವುದು ಒಳ್ಳೆಯದು.