ಬಿಎ ಆಯ್ತು: ಮುಂದೆ ಕನ್ನಡ ಎಂಎಯೋ, ಬಿಎಡ್ಡೋ?

ಎರಡಕ್ಕೂ ಎರಡೆರಡು ವರ್ಷ. ಮನೆಗೆ ಬೇಗ ಸಂಬಳ ಬೇಕಿದ್ದರೆ ಬಿಎಡ್ ಮೊದಲು; ಜೊತೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾದರೆ 6ರಿಂದ 8ನೇ ತರಗತಿಯ ಶಿಕ್ಷಕ ಹುದ್ದೆಗೆ ಅರ್ಜಿ ಹಾಕಬಹುದು.

ಹಳಗನ್ನಡದ ಒಂದೇ ಕಂದಪದ್ಯದ ಪದಗಳನ್ನು ಅರ್ಥವಾಗುವ ಕ್ರಮಕ್ಕೆ ಬಿಡಿಸುತ್ತಾ ಗಂಟೆ ಕಳೆದರೂ ಬೇಸರವಾಗದವರಿಗೆ ಎಂಎ. ಆದರೆ ಬರೀ ಎಂಎಗೆ ಡಿಗ್ರಿ ಕಾಲೇಜಿನ ಅಧ್ಯಾಪಕ ಹುದ್ದೆಯ ಬಾಗಿಲು ತೆರೆಯದು. ನೆಟ್ (ರಾಷ್ಟ್ರ ಮಟ್ಟದ ಅಧ್ಯಾಪಕ ಅರ್ಹತಾ ಪರೀಕ್ಷೆ), ಕೆ-ಸೆಟ್ (ರಾಜ್ಯ ಮಟ್ಟದ್ದು) ಇಲ್ಲವೇ ಪಿಎಚ್‌ಡಿ ಬೇಕು. ಹಲವರು ಎಡವುವುದು ಅಂಕದಲ್ಲಿ: ನೆಟ್‌ಗೆ ಸಾಮಾನ್ಯ ವರ್ಗದವರಿಗೆ ಎಂಎಯಲ್ಲಿ ಶೇ 55 ಇರಲೇಬೇಕು, 54.9 ಸಾಲದು. ಅಂತಿಮ ವರ್ಷದಲ್ಲೇ ಪರೀಕ್ಷೆ ಬರೆಯಿರಿ. ನೆಟ್ ಮೂಲಕ ಕೊಡುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ಸಿಕ್ಕರೆ ಪಿಎಚ್‌ಡಿಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಅದಿಲ್ಲದೆ ಸಾಲ ಮಾಡಿ ಪಿಎಚ್‌ಡಿಗೆ ಇಳಿಯಬೇಡಿ, ದಯವಿಟ್ಟು.

ಪಿಯು ಉಪನ್ಯಾಸಕರಾಗುವ ಆಸೆಯಿದ್ದರೆ ಎರಡೂ ಬೇಕು. ಆಗ ಪ್ರಶ್ನೆ ಯಾವುದು ಮೊದಲು ಎಂಬುದಷ್ಟೇ.