ಹಿತ್ತಲ ಈಜುಕೊಳ ಮತ್ತು ಸ್ಪಾ: ಆರು ಬೇಸಿಗೆಗಳ ನಂತರ

2019ರಲ್ಲಿ ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನ ನಮ್ಮ ಮನೆಯ ಹಿತ್ತಲಲ್ಲಿ ಈಜುಕೊಳ ಮತ್ತು ಸ್ಪಾ (ಬಿಸಿನೀರಲ್ಲಿ ಕೂರುವ ಪುಟ್ಟ ತೊಟ್ಟಿ) ಕಟ್ಟಿಸಿದೆವು. 30ಕ್ಕೆ 15 ಅಡಿ, ಸುಮಾರು 57,000 ಲೀಟರ್ ನೀರು. ಟೈಲ್ಸ್ ಬಣ್ಣ ಆರಿಸಲು ಎರಡು ಶನಿವಾರ ಕಳೆದೆವು. ನೆಲದಡಿಯ ಪೈಪು, ವಾಲ್ವ್‌ಗಳ ಬಗ್ಗೆ ಹತ್ತು ನಿಮಿಷವೂ ಕೇಳಲಿಲ್ಲ. ಈಗ ವಾರವಾರವೂ ನಾನು ಮಂಡಿಯೂರಿ ಕೂರುವುದು ಆ ವಾಲ್ವ್‌ಗಳ ಮುಂದೆಯೇ.

ಮೊದಲು ಸರಿಹೋದದ್ದನ್ನು ಹೇಳುತ್ತೇನೆ. ನನಗೆ ಎಂಟು ಅಡಿ ಆಳ ಬೇಕಿತ್ತು. ತುಂಗಾ ನದಿಗೆ ಧುಮುಕಿ ಬೆಳೆದವನ ಹಟ. ಗುತ್ತಿಗೆದಾರರು ಒಪ್ಪದೆ ಎರಡು ತುದಿಗೆ ಮೂರೂವರೆ, ನಡುವೆ ಐದು ಅಡಿ ಎಂದರು. ಅವರೇ ಗೆದ್ದರು, ಒಳ್ಳೆಯದೇ ಆಯಿತು: ಮಕ್ಕಳು ನಿಂತುಕೊಂಡೇ ಚೆಂಡಾಡುತ್ತಾರೆ, ಶುದ್ಧ ಮಾಡಬೇಕಾದ ನೀರೂ ಕಡಿಮೆ. ಮೆಟ್ಟಿಲ ಬಳಿ ಒಂದಡಿ ನೀರು ನಿಲ್ಲುವ ಅಗಲವಾದ ಜಗಲಿ ಇದೆ. ಕೊಳದಲ್ಲಿ ಅತಿ ಹೆಚ್ಚು ಬಳಕೆಯಾದ ಜಾಗ ಅದೇ. ಊರಿಂದ ಬಂದ ಅಮ್ಮ ಸೀರೆ ಮೊಣಕಾಲವರೆಗೆ ಎತ್ತಿ ಅಲ್ಲೇ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ಕೊಡೆ ನೆಡುವ ತೂತನ್ನು ಮಾತ್ರ ಕಾಂಕ್ರೀಟ್ ಹಾಕುವ ಮೊದಲೇ ಕೇಳಿ ಮಾಡಿಸಿಕೊಳ್ಳಿ. ನಾವು ಮರೆತೆವು.

ಒಳಮೈಗೆ ಕಡುಬಣ್ಣದ ಹರಳುಗಲ್ಲು ಬಳಿಸಿದ್ದು ಅಷ್ಟೊಂದು ಜಾಣತನವಲ್ಲ. ನೋಡಲು ಕೆರೆಯ ಹಾಗಿದೆ, ಆದರೆ ಬಿಸಿಲನ್ನು ಹೀರುತ್ತದೆ. ಜುಲೈನಲ್ಲಿ ನೀರು 32 ಡಿಗ್ರಿ ದಾಟುತ್ತದೆ. ಹೊರಗೆ 45 ಡಿಗ್ರಿ ಇರುವಾಗ ಉಗುರುಬೆಚ್ಚಗಿನ ನೀರಿಗಿಳಿದು ಏನು ಸುಖ?

ಇನ್ನು ನನ್ನ ದೊಡ್ಡ ಪಶ್ಚಾತ್ತಾಪ: ಸ್ಪಾದಿಂದ ಕೊಳಕ್ಕೆ ಧುಮುಕುವ ಜಲಧಾರೆ. ಸ್ಪಾವನ್ನು ಒಂದೂವರೆ ಅಡಿ ಎತ್ತರಿಸಿ, ಕಪ್ಪು ಕಲ್ಲಿನ ಮೇಲಿಂದ ನೀರು ಇಳಿಯುವಂತೆ ಮಾಡಿಸಿದೆವು. ನೀರು ಹೀಗೆ ಗಾಳಿಗೆ ಸಿಕ್ಕಿ ಚಿಮ್ಮಿದಷ್ಟೂ ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದರ ಅಳತೆ) ಏರುತ್ತದೆ. ಇಲ್ಲಿನ ನೀರು ಮೊದಲೇ ಗಡುಸು, ಪಿಎಚ್ ಏರಿದರೆ ಅದರಲ್ಲಿನ ಸುಣ್ಣ ಕಲ್ಲಿಗೆ ಅಂಟುತ್ತದೆ. ಎರಡನೇ ವರ್ಷಕ್ಕೆ ಕಪ್ಪು ಕಲ್ಲಿನ ಮೇಲೆ ವಿಭೂತಿ ಎಳೆದಂತೆ ಸುಣ್ಣದ ಪಟ್ಟೆಗಳು. ಪಿಎಚ್ ಇಳಿಸಲು ವಾರಕ್ಕೊಮ್ಮೆ ಆಮ್ಲ ಸುರಿಯುವ ಕೆಲಸ ನನ್ನ ಪಾಲಿಗೆ ಬಂತು.

ಅದಕ್ಕಿಂತ ಪೀಡಿಸಿದ್ದು ಮೂರನೇ ವರ್ಷದ ಒಂದು ಬೆಳಗು. ಸ್ಪಾದ ನೀರು ರಾತ್ರೋರಾತ್ರಿ ಕೊಳದ ಮಟ್ಟಕ್ಕೆ ಇಳಿದಿತ್ತು. ಬಿರುಕು ಬಿಟ್ಟಿದೆ ಎಂದುಕೊಂಡು ಎದೆ ಧಸಕ್ಕೆಂದಿತು. ಕೊಳದಲ್ಲಿ ನೀರು ಕಡಿಮೆಯಾಗಿರಲಿಲ್ಲ ಎಂಬುದನ್ನು ಆಮೇಲೆ ಗಮನಿಸಿದೆ. ಪಂಪ್ ಸ್ಪಾಗೆ ಏರಿಸಿದ ನೀರು ಹಿಂದೆ ಹರಿಯದಂತೆ ತಡೆಯುವ ವಾಲ್ವ್‌ನ ಮುಚ್ಚಳ ಬಿಚ್ಚಿದೆ. ಒಳಗಿನ ಪುಟ್ಟ ಬಾಗಿಲಿನಡಿ ಹೆಸರುಕಾಳಿನಷ್ಟು ಹರಳೊಂದು ಸಿಕ್ಕಿಕೊಂಡಿತ್ತು. ಪಂಪ್ ನಿಂತೊಡನೆ ಎತ್ತರದ ಸ್ಪಾ ಆ ಸಂದಿಯಿಂದ ತಗ್ಗಿನ ಕೊಳಕ್ಕೆ ಖಾಲಿಯಾಗುತ್ತಿತ್ತು. ಎರಡೂ ಒಂದೇ ಮಟ್ಟದಲ್ಲಿದ್ದಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ.

ವೇಗ ಬದಲಿಸಬಹುದಾದ ಪಂಪ್‌ಗೆ ಹೆಚ್ಚು ಹಣ ಕೊಟ್ಟದ್ದು ಸಾರ್ಥಕ. ವೇಗ ಅರ್ಧಕ್ಕಿಳಿದರೆ ವಿದ್ಯುತ್ ಬಳಕೆ ಎಂಟರಲ್ಲಿ ಒಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ, ಸದ್ದೂ ಇಲ್ಲ. ಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟಿನ ವಿಷಯದಲ್ಲಿ ಚೌಕಾಸಿಯೇ ಬೇಡ. ಪುಟ್ಟ ಮಕ್ಕಳಿರುವ ಮನೆಗೆ ಅರಿಜೋನಾದ ಕಾನೂನೇ ಅದನ್ನು ಕೇಳುತ್ತದೆ.

ಸ್ಪಾ ಬೇಕೇ ಎಂದರೆ, ನವೆಂಬರಿನಿಂದ ಮಾರ್ಚ್‌ವರೆಗೆ ಬೇಕು. ಗ್ಯಾಸ್ ಹೀಟರ್ 40 ನಿಮಿಷದಲ್ಲಿ ನೀರನ್ನು 40 ಡಿಗ್ರಿಗೆ ತರುತ್ತದೆ. ಅದಕ್ಕಿಂತ ಬಿಸಿ ಮಾಡಬಾರದು, ಬಚ್ಚಲ ಹಂಡೆಯ ಅಭ್ಯಾಸವಿರುವವರು ಎಷ್ಟೇ ಒತ್ತಾಯಿಸಿದರೂ. ನಮ್ಮ ಮಾವನವರು ಒಂದು ನರಕಚತುರ್ದಶಿಯ ಬೆಳಗ್ಗೆ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಯಾರೂ ಏಳುವ ಮೊದಲೇ ಅದರೊಳಗೆ ಇಳಿದಿದ್ದರು. ಬಲಿಪಾಡ್ಯಮಿಯ ದಿನವಿಡೀ ನಾನು ಫಿಲ್ಟರ್ ಬಿಚ್ಚಿ ತೊಳೆದೆ. ಕೊಬ್ಬರಿ ಎಣ್ಣೆಯ ವಾಸನೆ ಹೋಗಲು ಇನ್ನೊಂದು ವಾರ ಹಿಡಿಯಿತು.